ಕಿವಿಗೊಟ್ಟು ಎಳೆದ ಗೆರೆ

ಶಿರಾ, ಮಧುಗಿರಿಯಂಥ ತಾಲ್ಲೂಕು ಪಟ್ಟಣಗಳಲ್ಲಿ ಕಂಪ್ಯೂಟರ್ ಮುಂದೆ ಕೂತು ನಕ್ಷೆ ಬರೆಯುವವರಿಗೆಲ್ಲ ಒಂದು ಸದ್ದಿನ ಪರಿಚಯ ಚೆನ್ನಾಗಿದೆ. ಮೇಜಿನ ಕೆಳಗಿನ ಯುಪಿಎಸ್ ಕೀಂ ಎಂದರೆ ಸಾಕು, ಎಡಗೈ ತಾನಾಗಿಯೇ ಕಂಟ್ರೋಲ್ ಮತ್ತು ಎಸ್ ಕೀಲಿಗಳನ್ನು ಒತ್ತಿಬಿಡುತ್ತದೆ. ಕರೆಂಟು ಹೋಯಿತು ಎಂದು ಬಾಯಲ್ಲಿ ಅನ್ನುವಷ್ಟರಲ್ಲಿ ಫೈಲು ಸೇವ್ ಆಗಿರುತ್ತದೆ. ಕಣ್ಣು ಮಾತ್ರ ಎಳೆಯುತ್ತಿದ್ದ ಗೆರೆಯ ತುದಿ ಬಿಟ್ಟು ಕದಲಿರುವುದಿಲ್ಲ. ಬ್ಯಾಟರಿ ಬರಿದಾಗುತ್ತ ಬಂದಂತೆ ಕೂಗು ಒತ್ತೊತ್ತಾಗುತ್ತದೆ. ಇನ್ನೆಷ್ಟು ಹೊತ್ತು ಉಳಿದಿದೆ ಎಂಬ ಅಂದಾಜೂ ಕಿವಿಯಲ್ಲೇ ಸಿಗುತ್ತದೆ.

ಕಣ್ಣು ಕದಲಿಸದೆ ಎಚ್ಚರಿಸುವ ಯುಪಿಎಸ್‌ನ ಈ ಕೆಲಸವನ್ನು ಅದರ ಹತ್ತಾರು ಪಟ್ಟು ಬೆಲೆಯ ಡ್ರಾಯಿಂಗ್ ಸಾಫ್ಟ್‌ವೇರ್ ಮಾಡುವುದಿಲ್ಲ. ಒಂದೊಂದು ಬಗೆಯ ಗೆರೆಗೂ ಒಂದೊಂದು ಪದರ, ಅಂದರೆ ಲೇಯರು, ಇರುತ್ತದೆ; ತಪ್ಪು ಲೇಯರಿನಲ್ಲಿ ಅರ್ಧ ದಿನ ಗೆರೆ ಎಳೆದರೂ ಅದು ತುಟಿ ಪಿಟಕ್ಕೆನ್ನುವುದಿಲ್ಲ. ಹೊಲದ ಕಡೆ ನೋಡಿದರೆ ಕಥೆ ಬೇರೆ. ಅಳತೆಗೆ ಬಂದ ಸರ್ವೇಯರ್ ತಂದಿರುವ ಟೋಟಲ್ ಸ್ಟೇಷನ್ ಎಂಬ ಯಂತ್ರ ಅಳತೆ ಸಿಕ್ಕಾಗ ಬೀಪ್ ಎನ್ನುತ್ತದೆ. ಈಚೆಗೆ ಬಂದಿರುವ, ಉಪಗ್ರಹಗಳ ನೆರವಿನಿಂದ ಅಳೆಯುವ ರೋವರುಗಳ ಕಂಟ್ರೋಲರುಗಳಲ್ಲಿ ಹಲವು, ಉಪಗ್ರಹದ ಲೆಕ್ಕ ಗಟ್ಟಿಯಾಗಿ ಕೂತಿತೋ ಇನ್ನೂ ತೇಲುತ್ತಿದೆಯೋ ಎಂಬುದನ್ನು ಬಾಯಿಬಿಟ್ಟು ಹೇಳುತ್ತವೆ. ಅದಕ್ಕೂ ಹಿಂದೆ, 33 ಅಡಿಯ, 16 ಆಣೆಯ ಸರಪಳಿ ಎಳೆಯುತ್ತಿದ್ದ ಕಾಲದಲ್ಲಿ ಸರಪಳಿ ಹಿಡಿದವನು ಅಂಕಿಯನ್ನು ಕೂಗಿ ಹೇಳುವುದು, ಪುಸ್ತಕದವನು ಅದನ್ನೇ ಮತ್ತೆ ಕೂಗಿ ಬರೆದುಕೊಳ್ಳುವುದು ಅಳತೆಯ ಒಂದು ಭಾಗವೇ ಆಗಿತ್ತು. ಹೊಲದಲ್ಲಿ ಇಷ್ಟೆಲ್ಲ ಮಾತಾಡುವ ನಕ್ಷೆ ಕಚೇರಿಯ ಕಂಪ್ಯೂಟರ್ ಒಳಗೆ ಹೊಕ್ಕ ಕೂಡಲೇ ಮೂಕವಾಗುತ್ತದೆ.

ಅದಕ್ಕೆ ಬಾಯಿ ಕೊಟ್ಟರೆ ಕೆಲಸ ಬೇಗ ಆಗುತ್ತದೆಯೇ? ಆಗುತ್ತದೆ. ಆದರೆ ನಾವು ಅಂದುಕೊಂಡ ಕಾರಣಕ್ಕಲ್ಲ.

ಮೊದಲಿಗೆ ಕಣ್ಣಿನ ಬಡತನವನ್ನು ನೋಡೋಣ. ತೋಳನ್ನು ಮುಂದೆ ಚಾಚಿ ಹೆಬ್ಬೆರಳನ್ನು ಎತ್ತಿ ಹಿಡಿಯಿರಿ. ಅದರ ಉಗುರು ಎಷ್ಟು ಜಾಗ ಮುಚ್ಚುತ್ತದೋ ಸುಮಾರಾಗಿ ಅಷ್ಟೇ ಜಾಗ, ಅಂದರೆ ಎರಡು ಡಿಗ್ರಿಯ ಆಸುಪಾಸು, ಯಾವುದೇ ಗಳಿಗೆಯಲ್ಲಿ ನಮಗೆ ನಿಚ್ಚಳವಾಗಿ ಕಾಣುವಂಥದ್ದು. ಉಳಿದದ್ದು ಮಸುಕು. ಇಡೀ ಪರದೆ ಸ್ಪಷ್ಟವಾಗಿ ಕಾಣುತ್ತಿದೆ ಎಂದು ಅನ್ನಿಸುವುದು ಕಣ್ಣು ಅತ್ತಿಂದಿತ್ತ ಜಿಗಿಯುತ್ತಲೇ ಇರುವುದರಿಂದ. ಒಂದೊಂದು ಕಡೆ ಅದು 200ರಿಂದ 300 ಮಿಲಿಸೆಕೆಂಡು ತಂಗುತ್ತದೆ. ಜಿಗಿಯುವ ಹೊತ್ತಿನಲ್ಲಿ ಮಿದುಳು ದೃಶ್ಯವನ್ನು ಬಹುಮಟ್ಟಿಗೆ ಒರೆಸಿಹಾಕುತ್ತದೆ, ಇಲ್ಲದಿದ್ದರೆ ಜಗತ್ತು ನಮಗೆ ಓಡುವ ಬಸ್ಸಿನ ಕಿಟಕಿಯಂತೆ ಕಾಣುತ್ತಿತ್ತು. ನಕ್ಷೆ ಬರೆಯುವವರ ಕಣ್ಣು ಗೆರೆಯ ತುದಿಯಲ್ಲಿರುತ್ತದೆ. ಯಾವ ಟೂಲು ಹಿಡಿದಿದ್ದೇವೆ, ಯಾವ ಲೇಯರಿನಲ್ಲಿದ್ದೇವೆ ಎಂಬ ಮಾಹಿತಿ ಪರದೆಯ ಯಾವುದೋ ಮೂಲೆಯಲ್ಲಿರುತ್ತದೆ. ಅಲ್ಲಿಗೆ ಹೋಗಿ, ಓದಿ, ಮತ್ತೆ ಬಿಟ್ಟ ಜಾಗವನ್ನೇ ಹುಡುಕಿಕೊಂಡು ಬರುವುದಕ್ಕೆ ಅರ್ಧ ಸೆಕೆಂಡು ಸುಲಭವಾಗಿ ಖರ್ಚಾಗುತ್ತದೆ. ಹಾಗಾಗಿ ಅನುಭವಿಗಳು ನೋಡುವುದನ್ನೇ ಬಿಟ್ಟುಬಿಡುತ್ತಾರೆ. ತಪ್ಪು ನುಸುಳುವುದು ಅಲ್ಲೇ.

ಕಿವಿಗೆ ಈ ತೊಂದರೆ ಇಲ್ಲ. ಅದನ್ನು ತಿರುಗಿಸಬೇಕಿಲ್ಲ, ಎಲ್ಲ ದಿಕ್ಕಿನಿಂದಲೂ ಕೇಳಿಸುತ್ತದೆ. ಅದು ಚುರುಕು ಕೂಡ. ಬೆಳಕು ಬಿದ್ದ ಮೇಲೆ ಅಕ್ಷಿಪಟದ ಕೋಶಗಳಲ್ಲಿ ರಾಸಾಯನಿಕ ಕ್ರಿಯೆ ನಡೆದು ಸಂಕೇತ ಹುಟ್ಟಬೇಕು, ಅದಕ್ಕೆ ಹತ್ತಾರು ಮಿಲಿಸೆಕೆಂಡು ಬೇಕು. ಒಳಕಿವಿಯ ರೋಮಕೋಶಗಳಾದರೋ ಯಾಂತ್ರಿಕವಾಗಿ ಬಾಗುತ್ತವೆ, ಬಾಗಿದ ಕ್ಷಣದಲ್ಲೇ ವಿದ್ಯುತ್ ಸಂಕೇತ ಹೊರಡುತ್ತದೆ. ಅದಕ್ಕೇ ಬೆಳಕು ಕಂಡೊಡನೆ ಗುಂಡಿ ಒತ್ತುವುದಕ್ಕೆ ನಮಗೆ ಸರಾಸರಿ 180ರಿಂದ 200 ಮಿಲಿಸೆಕೆಂಡು ಬೇಕಾದರೆ, ಸದ್ದು ಕೇಳಿ ಒತ್ತುವುದಕ್ಕೆ 140ರಿಂದ 160 ಸಾಕು. ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ ಇದು.

ಈ ಅಂಕಿಯನ್ನು ಹಿಡಿದುಕೊಂಡು ‘ಸದ್ದು ಹಾಕಿದರೆ ಕೆಲಸ ಶೇಕಡಾ ಇಪ್ಪತ್ತು ವೇಗವಾಗುತ್ತದೆ’ ಎಂದು ಲೆಕ್ಕ ಹಾಕುವವರಿದ್ದಾರೆ. ಅದು ಸುಳ್ಳು ಲೆಕ್ಕ. ಉಳಿಯುವುದು ಒಂದು ಕ್ಲಿಕ್ಕಿಗೆ 40 ಮಿಲಿಸೆಕೆಂಡು, ರೆಪ್ಪೆ ಮುಚ್ಚಿ ತೆರೆಯುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಮೋಟೊಯುಕಿ ಅಕಾಮಾಟ್ಸು, ಸ್ಕಾಟ್ ಮೆಕೆಂಜಿ ಮತ್ತು ಥಿಯರಿ ಆಸ್‌ಬ್ರಾಕ್ 1995ರಲ್ಲಿ ಇದನ್ನೇ ಅಳೆದು ನೋಡಿದರು. ಮೌಸ್ ಬಾಣ ಗುರಿಯ ಮೇಲೆ ಬಂದಾಗ ಒಮ್ಮೆ ಸದ್ದು, ಒಮ್ಮೆ ಬಣ್ಣ, ಒಮ್ಮೆ ಬೆರಳಿಗೆ ತಾಗುವ ಸಣ್ಣ ಚುಚ್ಚು, ಹೀಗೆ ಬೇರೆ ಬೇರೆ ಸೂಚನೆ ಕೊಟ್ಟರು. ಗುರಿ ಮುಟ್ಟಿದ ಮೇಲೆ ಕ್ಲಿಕ್ ಮಾಡುವ ಕೊನೆಯ ಹಂತ ಕೊಂಚ ಚುರುಕಾಯಿತು, ಅದರಲ್ಲೂ ಬೆರಳಿನ ಚುಚ್ಚೇ ಮುಂದಿತ್ತು. ಆದರೆ ಒಟ್ಟು ಸಮಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಸದ್ದು ಕೈಯನ್ನು ಓಡಿಸುವುದಿಲ್ಲ. ಮಾಡಿದ್ದನ್ನೇ ಮತ್ತೆ ಮಾಡುವ ಕೆಲಸವನ್ನು ತಪ್ಪಿಸುತ್ತದೆ. ಉಳಿತಾಯ ಇರುವುದೆಲ್ಲ ಅಲ್ಲಿ.

ಈ ಮಾತಿಗೆ ಹಳೆಯ ಸಾಕ್ಷಿ ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟುಗಳಲ್ಲಿತ್ತು. ಕೆ. ಅನಂತಸುಬ್ಬರಾಯರು ವಿನ್ಯಾಸ ಮಾಡಿದ ಕೀಲಿಮಣೆಯ ಕನ್ನಡ ಟೈಪ್‌ರೈಟರಿನಲ್ಲೂ ಬಲಗಡೆಯ ಅಂಚಿಗೆ ಇನ್ನು ಕೆಲವೇ ಅಕ್ಷರ ಬಾಕಿ ಇರುವಾಗ ಗಂಟೆ ಬಾರಿಸುತ್ತಿತ್ತು. ಬೆರಳಚ್ಚುಗಾರರ ಕಣ್ಣು ಪಕ್ಕದಲ್ಲಿಟ್ಟ ಮೂಲಪ್ರತಿಯ ಮೇಲೆ. ಬೆರಳು ಕೀಲಿಯ ಮೇಲೆ. ಕಾಗದದ ಅಂಚನ್ನು ಕಾಯುವ ಕೆಲಸ ಕಿವಿಯದು. ಗಂಟೆ ಬಾರಿಸಿತೆಂದು ಯಾರ ಬೆರಳೂ ವೇಗವಾಗಲಿಲ್ಲ. ಪದ ಅಂಚಿನಲ್ಲಿ ತುಂಡಾಗಿ, ಹಾಳೆ ಕೆಟ್ಟು, ಕಾರ್ಬನ್ ಪ್ರತಿಗಳ ಸಮೇತ ಮತ್ತೆ ಹೊಡೆಯುವುದು ತಪ್ಪಿತು, ಅಷ್ಟೇ. ಅಷ್ಟೇ ಎಂದರೆ ಅದು ಸಣ್ಣದೇನಲ್ಲ.

ಈಗ ಒಂದು ನಿಜವಾದ ನಕ್ಷೆಗೆ ಬರೋಣ. ಶಿರಾ ತಾಲ್ಲೂಕಿನ ಮದಲೂರು ಕೆರೆಯ ಹೆಸರು 2020ರ ಶಿರಾ ಉಪಚುನಾವಣೆಯ ಹೊತ್ತಿಗೆ ರಾಜ್ಯಕ್ಕೆಲ್ಲ ಪರಿಚಯವಾಯಿತು. ಕಳ್ಳಂಬೆಳ್ಳ ಕೆರೆ, ಶಿರಾ ಕೆರೆ ದಾಟಿ ಹೇಮಾವತಿ ನೀರು ಅಲ್ಲಿಗೂ ಬರಬೇಕೆಂಬುದು ಆ ಸೀಮೆಯ ಹಳೆಯ ಬೇಡಿಕೆ. ಆ ರಾಜಕೀಯ ಇಲ್ಲಿ ಬೇಡ. ಉಪಗ್ರಹ ಚಿತ್ರವನ್ನು ಕೆಳಗೆ ಹಾಸಿಕೊಂಡು ಆ ಕೆರೆಯ ನಕ್ಷೆ ಬರೆಯಲು ಕೂತವರ ಕೈಯನ್ನಷ್ಟೇ ಗಮನಿಸೋಣ.

ಏರಿ ಸುಲಭ. ಮನುಷ್ಯ ಕಟ್ಟಿದ್ದು, ಬಹುಮಟ್ಟಿಗೆ ನೇರ ಅಥವಾ ಹದವಾದ ಬಾಗು. ಕೆಲವೇ ಕ್ಲಿಕ್ಕಿನಲ್ಲಿ ಮುಗಿಯುತ್ತದೆ. ತೂಬು, ಕೋಡಿ, ಅಲ್ಲಿಂದ ಹೊರಡುವ ಕಾಲುವೆ ಇವೂ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಪಜೀತಿ ಇರುವುದು ಏರಿಯ ಎದುರಿನ ಅಂಚಿನಲ್ಲಿ. ಅಲ್ಲಿ ಕೆರೆಯಂಗಳ ನಿಧಾನಕ್ಕೆ ಹೊಲವಾಗುತ್ತದೆ. ಬಳ್ಳಾರಿ ಜಾಲಿಯ ಪೊದೆ ಎಲ್ಲಿ ಮುಗಿಯಿತು, ಹೂಳಿನ ಬಯಲು ಎಲ್ಲಿಂದ ಶುರುವಾಯಿತು ಎಂದು ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತ ಮೌಸ್ ಒತ್ತುತ್ತ ಹೋಗಬೇಕು. ನೂರಾರು ಬಿಂದುಗಳು. ಆ ಹೊತ್ತಿನಲ್ಲಿ ಕಣ್ಣಿಗೆ ಬೇರೆ ಯಾವ ಕೆಲಸ ಹೇಳಿದರೂ ಅದು ಅನ್ಯಾಯ.

ಅಲ್ಲಿ ಆಗುವ ತಪ್ಪು ಮುಖ್ಯವಾಗಿ ಎರಡು. ಒಂದು, ನೀರಿನಂಚಿನ ಗೆರೆಯ ತುದಿ ಏರಿಯ ಗೆರೆಯ ತುದಿಗೆ ಕೂಡಿಕೊಂಡಂತೆ ಕಾಣುತ್ತದೆ, ಕೂಡಿರುವುದಿಲ್ಲ. ತುದಿಗೆ ತುದಿ ಅಂಟಿಸುವ ಸ್ನ್ಯಾಪ್ ಹಿಡಿಯದೆ ಗೇಣಗಲ ಕಿಂಡಿ ಉಳಿದುಬಿಡುತ್ತದೆ. ಇಡೀ ಕೆರೆ ಪರದೆಯಲ್ಲಿರುವಾಗ ಅದು ಕಾಣುವುದೇ ಇಲ್ಲ. ಕೊನೆಯಲ್ಲಿ ವಿಸ್ತೀರ್ಣ ತೆಗೆಯಲು ಹೋದಾಗ, ಹ್ಯಾಚ್ ತುಂಬಲು ಹೋದಾಗ, ಮುಚ್ಚಿದ ಗಡಿ ಸಿಗಲಿಲ್ಲ ಎಂದು ಸಾಫ್ಟ್‌ವೇರ್ ರಗಳೆ ತೆಗೆಯುತ್ತದೆ. ಎಲ್ಲಿ ಸಿಗಲಿಲ್ಲ ಎಂದು ನೂರಾರು ಬಿಂದುಗಳ ಅಂಚನ್ನು ಮೊದಲಿಂದ ತಡಕಬೇಕು. ಎಕರೆ ಗುಂಟೆ ಇರಲಿ, ಒಂದು ಚದರಡಿಯ ಲೆಕ್ಕವೂ ಅಲ್ಲಿಯತನಕ ಹುಟ್ಟುವುದಿಲ್ಲ. ಎರಡನೆಯ ತಪ್ಪು ಇನ್ನೂ ಕೆಟ್ಟದ್ದು: ಕಾಲುವೆ ಬರೆದು ಮುಗಿಸಿ ಲೇಯರು ಬದಲಿಸದೆ ಸರ್ವೆ ಗಡಿಗೆ ಕೈ ಹಾಕುವುದು. ಗೆರೆಗಳು ಸರಿಯಾಗಿಯೇ ಇರುತ್ತವೆ, ಆದರೆ ಕಾಲುವೆಯ ಉದ್ದ ತೆಗೆದರೆ ಹೊಲದ ಬದುಗಳೂ ಅದರಲ್ಲಿ ಸೇರಿರುತ್ತವೆ. ಕಿಂಡಿಯಾದರೆ ಕೊನೆಗಾದರೂ ತಕರಾರು ಏಳುತ್ತದೆ. ಲೇಯರು ತಪ್ಪಿದ್ದರೆ ನಕ್ಷೆ ನಿಶ್ಶಬ್ದವಾಗಿ ಮೇಲಿನ ಕಚೇರಿಗೆ ಹೋಗಿಬಿಡುತ್ತದೆ.

ಸ್ಕಾಟ್ಲೆಂಡಿನ ಗ್ಲಾಸ್ಗೊ ವಿಶ್ವವಿದ್ಯಾಲಯದ ಸ್ಟೀಫನ್ ಬ್ರೂಸ್ಟರ್ 1998ರಲ್ಲಿ ಪ್ರಕಟಿಸಿದ ಅಧ್ಯಯನ ಹೆಚ್ಚೂಕಡಿಮೆ ಈ ಎರಡನೆಯ ತಪ್ಪಿನದ್ದೇ. ಚಿತ್ರ ಬಿಡಿಸುವ ಒಂದು ಸಾಫ್ಟ್‌ವೇರಿನಲ್ಲಿ ಜನರಿಗೆ ತಾವು ಹಿಡಿದಿರುವ ಟೂಲು ಯಾವುದು ಎಂಬುದೇ ಮರೆತುಹೋಗುತ್ತದೆ, ಏಕೆಂದರೆ ಟೂಲುಗಳ ಪಟ್ಟಿ ಇರುವುದು ಒಂದು ಕಡೆ, ಕಣ್ಣಿರುವುದು ಇನ್ನೊಂದು ಕಡೆ. ಬ್ರೂಸ್ಟರ್ ಟೂಲುಗಳಿಗೆ ಪುಟ್ಟ ಪುಟ್ಟ ಸಂಗೀತದ ತುಣುಕುಗಳನ್ನು ಜೋಡಿಸಿದರು. ಟೂಲು ಬದಲಾದಾಗ ಅವು ನುಡಿಯುತ್ತಿದ್ದವು. ತಪ್ಪು ಟೂಲು ಹಿಡಿದು ಕೆಲಸಕ್ಕೆ ಇಳಿಯುವುದು ಗಮನಾರ್ಹವಾಗಿ ಕಡಿಮೆಯಾಯಿತು. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯೆಂದರೆ, ಬಳಸಿದವರಿಗೆ ಈ ಸದ್ದುಗಳು ಕಿರಿಕಿರಿಯನ್ನೇನೂ ಹೆಚ್ಚಿಸಲಿಲ್ಲ. ಇಂಥ ತುಣುಕುಗಳಿಗೆ ಇಯರ್‌ಕಾನ್ ಎಂದು ಹೆಸರು; ಆ ಪರಿಕಲ್ಪನೆಯನ್ನು 1989ರ ಪ್ರಬಂಧವೊಂದರಲ್ಲಿ ಬೆಳೆಸಿದವರು ಮೀರಾ ಬ್ಲಾಟ್ನರ್ ಮತ್ತು ಸಂಗಡಿಗರು. ಅದೇ ವರ್ಷ ಆ್ಯಪಲ್ ಕಂಪನಿಯಲ್ಲಿದ್ದ ಬಿಲ್ ಗೇವರ್ ಸೋನಿಕ್ ಫೈಂಡರ್ ಎಂಬ ಪ್ರಯೋಗದ ವಿವರ ಹೊರತಂದಿದ್ದರು. ಅದರಲ್ಲಿ ಫೈಲು ಎಳೆದರೆ ತರಿತರಿ ಎಳೆದ ಸದ್ದು, ಕಸದ ಬುಟ್ಟಿಗೆ ಹಾಕಿದರೆ ಧಡಾರನೆ ಬಿದ್ದ ಸದ್ದು, ಫೈಲು ದೊಡ್ಡದಾದಷ್ಟೂ ದಪ್ಪ ದನಿ. ಕೇಳಲು ಮೋಜು. ಇಡೀ ದಿನ ನಕ್ಷೆ ಬರೆಯುವವರ ಪಾಲಿಗೆ ಅಷ್ಟೊಂದು ನಾಟಕ ಬೇಡ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಎಷ್ಟು ಸದ್ದು ಬೇಕು? ಉತ್ತರಕ್ಕೆ ಮಿದುಳಿನ ಒಂದು ಗುಣವನ್ನು ತಿಳಿಯಬೇಕು. ಫಿನ್‌ಲೆಂಡಿನ ರಿಸ್ತೊ ನಾತಾನೆನ್ ಮತ್ತು ಸಹೋದ್ಯೋಗಿಗಳು 1978ರಲ್ಲಿ ಇದನ್ನು ವರದಿ ಮಾಡಿದರು. ಒಂದೇ ಬಗೆಯ ಸದ್ದು ಸಾಲಾಗಿ ಬರುತ್ತಿರುವಾಗ ನಡುವೆ ಒಂದು ಸದ್ದಿನ ಸ್ಥಾಯಿ ಕೊಂಚ ಬೇರೆಯಾದರೆ, ಸುಮಾರು 150ರಿಂದ 250 ಮಿಲಿಸೆಕೆಂಡಿನೊಳಗೆ ಮಿದುಳಿನ ವಿದ್ಯುತ್ ರೇಖೆಯಲ್ಲಿ ಒಂದು ತಗ್ಗು ಮೂಡುತ್ತದೆ. ಆ ಮನುಷ್ಯ ಪುಸ್ತಕ ಓದುತ್ತ ಸದ್ದಿನ ಕಡೆ ಗಮನವೇ ಕೊಡದೆ ಕೂತಿದ್ದರೂ ಅದು ಮೂಡುತ್ತದೆ. ಅಂದರೆ ಕಿವಿ ನಮ್ಮನ್ನು ಕೇಳದೆಯೇ ಸಾಲಿನ ಲೆಕ್ಕ ಇಟ್ಟುಕೊಂಡಿರುತ್ತದೆ, ಸಾಲು ಕೆಟ್ಟರೆ ಮಾತ್ರ ನಮ್ಮನ್ನು ಎಬ್ಬಿಸುತ್ತದೆ.

ನಕ್ಷೆಯ ಕೆಲಸದಲ್ಲಿ ಆ ಸಾಲು ಆಗಲೇ ಇದೆ: ಮೌಸಿನ ಟಕ್ ಟಕ್. ಬಿಂದು ಇಟ್ಟಂತೆಲ್ಲ ಬರುವ ಆ ಸದ್ದು ಪುಕ್ಕಟೆ. ಅದರ ಮೇಲೆ ಪ್ರತಿ ಬಿಂದುವಿಗೂ ಸಾಫ್ಟ್‌ವೇರಿನಿಂದ ಇನ್ನೊಂದು ಟಿಣ್ ಸೇರಿಸುವುದು ದಂಡ. ಸೇರಿಸಬೇಕಾದದ್ದು ಸಾಲು ಕೆಡಿಸುವ ಸದ್ದನ್ನು. ಗೆರೆಯ ತುದಿ ಎಲ್ಲಿಗೂ ಕೂಡದೆ ಬಿಟ್ಟರೆ ಒಂದು ತಗ್ಗು ದನಿ. ಲೇಯರು ಬದಲಾದರೆ ಎರಡು ಸ್ವರ. ಹಲವರು ಇದನ್ನು ತಿರುವುಮುರುವು ಮಾಡುತ್ತಾರೆ: ಸರಿಯಾದರೆ ಟಿಣ್, ತಪ್ಪಿದರೆ ಮೌನ. ಬಾರದ ಸದ್ದನ್ನು ಗುರುತಿಸಬೇಕಾದರೆ ಅದು ಬರಬೇಕಾಗಿತ್ತು ಎಂದು ಕಾಯುತ್ತಿರಬೇಕು. ಕಾಯುವುದೂ ಗಮನವೇ, ಉಳಿಸಬೇಕೆಂದು ಹೊರಟದ್ದೂ ಗಮನವನ್ನೇ. (ಈಚೆಗೆ ಸದ್ದೇ ಮಾಡದ ಮೌಸುಗಳು ಬಂದಿವೆ. ರಾತ್ರಿ ಮಗು ಮಲಗಿದ ಮನೆಯಲ್ಲಿ ಸರಿ, ನಕ್ಷೆಯ ಕಚೇರಿಗೆ ಅದನ್ನು ತರಬೇಡಿ.)

ಮಧುಗಿರಿಯ ಏಕಶಿಲಾ ಬೆಟ್ಟದಂಥ ಕಡೆ ಸದ್ದಿನಿಂದ ಇನ್ನೊಂದು ಬಗೆಯ ಉಪಯೋಗ ಪಡೆಯಬಹುದು. ಸಮುದ್ರ ಮಟ್ಟದಿಂದ ಸುಮಾರು 1,190 ಮೀಟರ್ ಎತ್ತರಕ್ಕೆ ಏರುವ ಆ ಬಂಡೆಗೆ ಸಮೋನ್ನತಿ ರೇಖೆ ಬರೆಯುವಾಗ ಒಂದೊಂದು ರೇಖೆಗೂ ಅದರ ಎತ್ತರದ ಅಂಕಿಯನ್ನು ಕೀಲಿಸುತ್ತ ಹೋಗಬೇಕು. 1,010, 1,020, 1,030 ಎಂದು ಹೋಗುತ್ತಿದ್ದ ಬೆರಳು ನಡುವೆ 1,400 ಎಂದು ಒತ್ತಿದರೆ ಆ ಇಕ್ಕಟ್ಟಾದ ರೇಖೆಗಳ ಗುಂಪಿನಲ್ಲಿ ಕಣ್ಣಿಗೆ ಬೀಳುವುದು ಕಷ್ಟ. ಅಂಕಿ ಏರಿದಂತೆ ಸ್ವರವೂ ಒಂದೊಂದು ಮೆಟ್ಟಿಲು ಏರುವ ಹಾಗೆ ಮಾಡಿದರೆ ಅಪಸ್ವರ ತಕ್ಷಣ ಕಿವಿಗೆ ಹೊಡೆಯುತ್ತದೆ, ಸಂಗೀತ ಬಾರದವರಿಗೂ. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ತಜ್ಞರು ಬಹಳ ಕಾಲದಿಂದ ಇದನ್ನೇ ನಂಬಿದ್ದಾರೆ: ಅಲ್ಲಿಯ ಪಲ್ಸ್ ಆಕ್ಸಿಮೀಟರಿನಲ್ಲಿ ರಕ್ತದ ಆಮ್ಲಜನಕ ಇಳಿದಂತೆ ಬೀಪ್ ದನಿಯ ಸ್ಥಾಯಿಯೂ ಇಳಿಯುತ್ತದೆ. ವೈದ್ಯರ ಕಣ್ಣು ರೋಗಿಯ ಮೇಲೇ ಇರುತ್ತದೆ.

ಎಲ್ಲ ನಕ್ಷೆಗೂ ಇದು ಒಗ್ಗುವುದಿಲ್ಲ. ಪಾವಗಡದ ಸೋಲಾರ್ ಪಾರ್ಕನ್ನು ನೋಡಿ. ಸುಮಾರು 13,000 ಎಕರೆ, 2,050 ಮೆಗಾವಾಟ್. ವಿಸ್ತಾರದಲ್ಲಿ ದೈತ್ಯ, ಬರೆಯುವುದಕ್ಕೆ ಸಲೀಸು. ಒಂದು ಸಾಲು ಫಲಕ ಸರಿಯಾಗಿ ಬರೆದುಕೊಂಡರೆ ಉಳಿದದ್ದನ್ನು ಸಾಫ್ಟ್‌ವೇರೇ ನಕಲು ಮಾಡಿ ಜೋಡಿಸುತ್ತದೆ. ಕೈ ಕೆಲಸವೇ ಕಡಿಮೆಯಾದ ಕಡೆ ಕಿವಿಗೇನು ಕೆಲಸ? ಅಂಕುಡೊಂಕಾದ ಕೆರೆಯಂಚು, ಹಳ್ಳ, ಹಿಸ್ಸೆಯಾಗಿ ಒಡೆದ ಹೊಲ ಇಂಥ ಕಡೆಗಳಲ್ಲೇ ಸದ್ದಿನ ಬೆಲೆ ಗೊತ್ತಾಗುವುದು.

ಮಾಡಿಕೊಳ್ಳುವುದು ಹೇಗೆ? ಆಟೋಕ್ಯಾಡ್ ಇರುವವರು ಆಪ್ಷನ್ಸ್ ಕಿಟಕಿಯ ಸಿಸ್ಟಮ್ ವಿಭಾಗ ತೆರೆದರೆ, ತಪ್ಪು ಕೀಲಿಸಿದಾಗ ಬೀಪ್ ಮಾಡುವ ಚೌಕವೊಂದಿದೆ. ಗುರುತು ಹಾಕಿಕೊಳ್ಳಬಹುದು, ಆದರೆ ಅದು ಕೂಗುವುದು ಅಸಂಗತ ಅಂಕಿ ಅಕ್ಷರ ಕೊಟ್ಟಾಗ ಮಾತ್ರ. ಕಿಂಡಿ, ಲೇಯರು ಅದಕ್ಕೆ ಗೊತ್ತಿಲ್ಲ. 1986ರಿಂದ ಆಟೋಕ್ಯಾಡ್ ಜೊತೆಗಿರುವ ಆಟೋಲಿಸ್ಪ್ ಭಾಷೆಯಲ್ಲಿ ರಿಯಾಕ್ಟರ್ ಎಂಬ ಸೌಲಭ್ಯ ಆಮೇಲೆ ಬಂತು. ಯಾವುದೇ ಕಮಾಂಡ್ ಮುಗಿದಾಗ, ರದ್ದಾದಾಗ ನಮ್ಮದೊಂದು ಪುಟ್ಟ ಪ್ರೋಗ್ರಾಮನ್ನು ಅದು ಓಡಿಸುತ್ತದೆ. ಈಗ ಬರೆದ ಗೆರೆಯ ಎರಡೂ ತುದಿ ಬೇರೆ ಯಾವುದಾದರೂ ಗೆರೆಯ ತುದಿಯ ಮೇಲೆ ಕೂತಿದೆಯೇ ಎಂದು ಅಲ್ಲಿ ಪರೀಕ್ಷಿಸಿ, ಇಲ್ಲವಾದರೆ ಸದ್ದು ಹೊರಡಿಸಬಹುದು. ಕಾಸು ಕೊಡದೆ ಸಿಗುವ ಕ್ಯೂಜಿಐಎಸ್ ಬಳಸುವವರಿಗೆ ಹಾದಿ ಇನ್ನೂ ಹತ್ತಿರ. ಅದರ ಪೈಥಾನ್ ಕನ್ಸೋಲಿನಲ್ಲಿ, ಲೇಯರು ಬದಲಾದಾಗ ಮತ್ತು ಹೊಸ ಆಕೃತಿ ಸೇರಿದಾಗ ಹೊರಡುವ ಸಂಕೇತಗಳಿಗೆ ಬೀಪ್ ಕಟ್ಟುವುದಕ್ಕೆ ನಾಲ್ಕಾರು ಸಾಲು ಸಾಕು. ಪೈಥಾನ್ ಅಷ್ಟಿಷ್ಟು ಬರುವ ಕಾಲೇಜು ಹುಡುಗ ಹುಡುಗಿಯರು ಇದನ್ನು ಒಂದು ಸಂಜೆಯಲ್ಲಿ ಮಾಡಿಕೊಟ್ಟಾರು. ಇ-ಸ್ಪೀಕ್ ಎಂಬ ಉಚಿತ ಧ್ವನಿ ಸಾಫ್ಟ್‌ವೇರಿಗೆ ಕನ್ನಡವೂ ಬರುತ್ತದೆ, ಹಾಗಾಗಿ ಲೇಯರು ಬದಲಾದಾಗ ‘ಏರಿ’, ‘ಕೋಡಿ’, ‘ಕಾಲುವೆ’ ಎಂದು ಹೇಳಿಸುವುದೂ ಸಾಧ್ಯ. ಅದರ ಉಚ್ಚಾರ ಯಂತ್ರದ್ದೇ, ಚಂದವೇನಿಲ್ಲ. ಹೊಸಬರಿಗೆ ಮಾತು ಒಳ್ಳೆಯದು, ಕಲಿಯುವ ತೊಂದರೆ ಇಲ್ಲ. ಪಳಗಿದವರಿಗೆ ಸ್ವರವೇ ಮೇಲು. ಮಾತು ಮುಗಿಯುವುದಕ್ಕೆ ಅರ್ಧ ಸೆಕೆಂಡು ಬೇಕು, ಮನಸ್ಸಿನಲ್ಲಿ ಸರ್ವೆ ನಂಬರು ಹೇಳಿಕೊಳ್ಳುತ್ತಿರುವವರಿಗೆ ನಡುವೆ ಬಾಯಿ ಹಾಕಿದಂತಾಗುತ್ತದೆ.

ಸ್ವರ ಚಿಕ್ಕದಿರಲಿ, ಸೆಕೆಂಡಿನ ಹತ್ತನೆಯ ಒಂದು ಭಾಗ ಸಾಕು. ಸ್ಥಾಯಿ ತೀರಾ ಮೇಲೆ ಬೇಡ; ವಯಸ್ಸಾದಂತೆ ಮೊದಲು ಮಂಕಾಗುವುದು ಎತ್ತರದ ದನಿಗಳೇ. ಕ್ಲಿಕ್ಕಿಗೂ ಸದ್ದಿಗೂ ನಡುವೆ 100 ಮಿಲಿಸೆಕೆಂಡಿಗಿಂತ ಹೆಚ್ಚು ಅಂತರ ಬಿದ್ದರೆ ಈ ಸದ್ದು ಆ ಕ್ಲಿಕ್ಕಿನದ್ದು ಎಂಬ ನಂಟೇ ಕಳಚಿಹೋಗುತ್ತದೆ. ಸಾಮಾನ್ಯ ಬ್ಲೂಟೂತ್ ಇಯರ್‌ಫೋನುಗಳಲ್ಲಿ ತಡ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಬೇಗ ಬೇಗ ಬಿಂದು ಇಡುವವರಿಗೆ ಹಿಂದಿನ ಬಿಂದುವಿನ ಎಚ್ಚರಿಕೆ ಮುಂದಿನ ಬಿಂದುವಿಗೆ ಕೇಳಿಸಿ ಒಳ್ಳೆಯ ಗೆರೆಯನ್ನೇ ಅಳಿಸುವ ಹಾಗಾಗುತ್ತದೆ. ತಂತಿಯ ಅಗ್ಗದ ಇಯರ್‌ಫೋನೇ ಇಲ್ಲಿ ಉತ್ತಮ, ಅದೂ ಒಂದೇ ಕಿವಿಗೆ. ಇನ್ನೊಂದು ಕಿವಿ ನಕ್ಷೆಗೆ ಬಂದ ರೈತರ ಮಾತಿಗೆ ಬೇಕು. ಸ್ಪೀಕರಿನಲ್ಲಿ ಹಾಕುವ ಆಲೋಚನೆ ಬಿಡಿ. ಶಿರಾ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಹಾರ್ನು, ತಲೆ ಮೇಲಿನ ಫ್ಯಾನು ಇವನ್ನು ಮೀರಿಸಲು ದನಿ ಏರಿಸಿದರೆ ಪಕ್ಕದ ಮೇಜಿನವರು ಮೊದಲ ದಿನವೇ ಅದನ್ನು ಬಂದ್ ಮಾಡಿಸುತ್ತಾರೆ, ಅವರ ತಪ್ಪೂ ಅಲ್ಲ. ಯಾರದೋ ಕಂಪ್ಯೂಟರಿನ ಎಚ್ಚರಿಕೆ ಇನ್ನೊಬ್ಬರ ಕೈ ನಿಲ್ಲಿಸಬಾರದು.

ಸದ್ದುಗಳ ಸಂಖ್ಯೆಯನ್ನು ಮೂರಕ್ಕೆ ನಿಲ್ಲಿಸಿ. ಆಸ್ಪತ್ರೆಗಳ ತೀವ್ರನಿಗಾ ಘಟಕಗಳಲ್ಲಿ ಎಡೆಬಿಡದೆ ಕೂಗುವ ಯಂತ್ರಗಳಿಂದಾಗಿ ನಿಜವಾದ ಅಪಾಯದ ಕೂಗಿಗೂ ಸಿಬ್ಬಂದಿ ತಲೆ ಎತ್ತದಂತಾಗುವುದು ಜಗತ್ತಿನಾದ್ಯಂತ ವೈದ್ಯರು ಒಪ್ಪಿಕೊಂಡಿರುವ ಸಮಸ್ಯೆ. ನಕ್ಷೆಯ ಮೇಜಿಗೂ ಅದನ್ನು ತಂದುಕೊಳ್ಳಬೇಕಿಲ್ಲ.

ಇದನ್ನು ಓದುತ್ತಿರುವವರಲ್ಲಿ ನಕ್ಷೆ ಬರೆಯುವವರಿದ್ದರೆ ಮೊದಲು ಲೇಯರು ಬದಲಾವಣೆಗೆ ಮಾತ್ರ ಸದ್ದು ಕಟ್ಟಿ ನೋಡಿ. ಒಂದು ವಾರ ಬಳಸಿದ ಮೇಲೆ ಅದನ್ನು ತೆಗೆದುಹಾಕಿ. ಇಲ್ಲದ್ದು ಗಮನಕ್ಕೇ ಬರಲಿಲ್ಲವಾದರೆ ನಿಮ್ಮ ಕೆಲಸಕ್ಕೆ ಅದು ಬೇಕಿಲ್ಲ, ಮರೆತುಬಿಡಿ. ಕೈ ತಡವರಿಸಿದರೆ ಮತ್ತೆ ಹಾಕಿಕೊಂಡು, ಆಮೇಲೆ ಕಿಂಡಿಯ ಸದ್ದಿಗೆ ಹೋಗಿ.